ಒಪ್ಪಿಸುವ ಪಾಠ, ತೋರಿಸುವ ಪಾಠ

ಶಾಲೆಯ ಪಾಠದ ವಿಚಾರಕ್ಕೆ ಬಂದರೆ ಕನ್ನಡದಲ್ಲಿ ಎರಡು ಮಾತುಗಳು ಬಳಕೆಯಲ್ಲಿವೆ. ಮಗ್ಗಿಯನ್ನು, ಪದ್ಯವನ್ನು ಒಪ್ಪಿಸುತ್ತೇವೆ, ಹೋಂವರ್ಕನ್ನು ತೋರಿಸುತ್ತೇವೆ. ಒಪ್ಪಿಸಬೇಕಾದರೆ ಎದುರಿಗೆ ಒಬ್ಬರು ಕಿವಿಗೊಟ್ಟು ಕೂತಿರಬೇಕು. ತೋರಿಸಬೇಕಾದರೆ ಒಂದು ಪುಸ್ತಕ ತುಂಬಿದ್ದರೆ ಸಾಕು. ದಾವಣಗೆರೆಯಿಂದ ಜಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ಬಿಳಿಚೋಡು, ಜಗಳೂರು ತಾಲ್ಲೂಕಿನ ಮೂರು ಹೋಬಳಿಗಳಲ್ಲಿ ಒಂದರ ಕೇಂದ್ರ. ಇಂಥ ಊರುಗಳ ಮಾಧ್ಯಮಿಕ ಶಾಲೆ, ಹೈಸ್ಕೂಲುಗಳಲ್ಲಿ ಇಂಗ್ಲಿಷಿನ ದಿನದ ಪಾಠವೂ ಮನೆಗೆಲಸವೂ ಇಂದಿನ ರೂಪಕ್ಕೆ ಹೇಗೆ ಬಂದವು ಎಂದು ಹಿಂದಕ್ಕೆ ಹೋಗಿ ನೋಡಿದರೆ, ಆ ಚರಿತ್ರೆಯೆಲ್ಲ ಒಪ್ಪಿಸುವುದರಿಂದ ತೋರಿಸುವುದಕ್ಕೆ ಜಾರಿದ ಚರಿತ್ರೆಯಾಗಿ ಕಾಣುತ್ತದೆ. ಹಳ್ಳಿಯ ಮಕ್ಕಳಿಗೆ ಹತ್ತು ವರ್ಷ ಓದಿದರೂ ಇಂಗ್ಲಿಷ್ ಬರುವುದಿಲ್ಲ ಎಂಬ ದೂರಿಗೆ ಮೇಷ್ಟರ ಸೋಮಾರಿತನವನ್ನೋ ಮಕ್ಕಳ ದಡ್ಡತನವನ್ನೋ ಕಾರಣವಾಗಿ ಕೊಡುವವರಿದ್ದಾರೆ. ಅದು ಅನ್ಯಾಯದ ಮಾತು. ಕಿವಿಗೆ ಜಾಗವೇ ಇಲ್ಲದ ಒಂದು ಏರ್ಪಾಟು ಕಾಲಕಾಲಕ್ಕೆ, ಒಂದೊಂದೂ ಸಕಾರಣವಾದ ತೀರ್ಮಾನಗಳಿಂದ, ಕಟ್ಟಿಕೊಂಡು ಬಂತು ಎಂಬುದೇ ನಿಜವಾದ ಕಾರಣ.

ಆ ಏರ್ಪಾಟು ಎಂಥದು ಎಂದು ತಿಳಿಯಲು ನಾಲ್ಕು ಗೆರೆಯ ಕಾಪಿ ಪುಸ್ತಕದ ಒಂದು ಪುಟ ಸಾಕು. ಮೇಲೊಂದು ಕೆಂಪು ಗೆರೆ, ಕೆಳಗೊಂದು ಕೆಂಪು ಗೆರೆ, ನಡುವೆ ಎರಡು ನೀಲಿ ಗೆರೆ. ಪುಟದ ತಲೆಯಲ್ಲಿ ಮೇಷ್ಟರು ಹಾಕಿಕೊಟ್ಟ ಒಂದು ವಾಕ್ಯ. ಅದನ್ನು ಹತ್ತು ಸಲ ಬರೆದು ತರಬೇಕು. ಮಗು ಆ ವಾಕ್ಯವನ್ನು ಎಡದಿಂದ ಬಲಕ್ಕೆ ಬರೆಯುವುದಿಲ್ಲ. ಮೊದಲ ಪದವನ್ನು ಮೇಲಿನಿಂದ ಕೆಳಕ್ಕೆ ಹತ್ತು ಸಲ ಬರೆಯುತ್ತದೆ, ಆಮೇಲೆ ಎರಡನೆಯ ಪದವನ್ನು ಅದರ ಪಕ್ಕದಲ್ಲಿ ಹತ್ತು ಸಲ, ಆಮೇಲೆ ಮೂರನೆಯದನ್ನು. ಗೋಡೆಯ ಇಟ್ಟಿಗೆಯ ಹಾಗೆ ಪದಗಳು ಕಂಬ ಕಂಬವಾಗಿ ಏಳುತ್ತವೆ. ಪುಟ ಮುಗಿದಾಗ ಹತ್ತು ವಾಕ್ಯಗಳು ತಯಾರಾಗಿರುತ್ತವೆ, ಒಂದು ವಾಕ್ಯವನ್ನೂ ಮಗು ಬರೆದಿರುವುದಿಲ್ಲ. ಮಾರನೆಯ ದಿನ ಕೆಂಪು ಶಾಯಿಯ ಒಂದು ರೈಟು, ಕೆಳಗೆ ಸಹಿ, ತಾರೀಖು. ಮೇಲಿನ ತರಗತಿಯ ಪ್ರಶ್ನೋತ್ತರವೂ ಇದೇ ಜಾತಿಯದು. ಪ್ರಶ್ನೆಯಲ್ಲಿ ಇರುವ ಒಂದು ದೊಡ್ಡ ಪದವನ್ನು ಪಾಠದಲ್ಲಿ ಹುಡುಕುವುದು, ಆ ಪದ ಇರುವ ಸಾಲನ್ನು ಫುಲ್‌ಸ್ಟಾಪಿನವರೆಗೆ ಇಳಿಸಿಕೊಳ್ಳುವುದು. ಇದನ್ನು ಮಾಡುವ ಮಗುವಿಗೆ ಬುದ್ಧಿ ಕಡಿಮೆ ಎನ್ನುವಂತಿಲ್ಲ. ಕೊಟ್ಟ ಕೆಲಸವನ್ನು ಮನೆಯಲ್ಲಿ ಯಾರ ನೆರವೂ ಇಲ್ಲದೆ, ಒಂದಕ್ಷರದ ಅರ್ಥವೂ ಗೊತ್ತಿಲ್ಲದೆ ತಪ್ಪಿಲ್ಲದ ಹಾಗೆ ಮುಗಿಸುವ ದಾರಿಯನ್ನು ಅದು ತಾನಾಗಿಯೇ ಕಂಡುಕೊಂಡಿದೆ.

ಈಗ ಇನ್ನೂರು ವರ್ಷ ಹಿಂದಕ್ಕೆ ಹೋಗೋಣ. ಜಗಳೂರು ಸೀಮೆಗೆ ಉತ್ತರದಲ್ಲಿ ಒತ್ತಿಕೊಂಡೇ ಇರುವ ಕೂಡ್ಲಿಗಿ, ಹರಪನಹಳ್ಳಿಯ ಕಡೆಯೆಲ್ಲ ಆಗ ಬಳ್ಳಾರಿ ಜಿಲ್ಲೆ, ಮದ್ರಾಸಿನ ಆಡಳಿತ. ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಬರೆದು ಕಳಿಸಿದ ವರದಿ ನಮ್ಮ ಹಳೆಯ ಊರ ಶಾಲೆಗಳಾದ ಕೂಲಿಮಠಗಳ ಬಗ್ಗೆ ಸಿಗುವ ಬಹಳ ಒಳ್ಳೆಯ ದಾಖಲೆ. ಜಿಲ್ಲೆಯಲ್ಲಿ ಒಟ್ಟು 533 ಶಾಲೆ, 6,641 ವಿದ್ಯಾರ್ಥಿಗಳು. ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು. ಇಂಗ್ಲಿಷಿನದು ಒಂದೇ ಒಂದು. ಬೆಳಿಗ್ಗೆ ಆರಕ್ಕೆ ಪಾಠ ಶುರು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಆಚೆಗೆ ಒಂದೊಂದು ಏಟು ಹೆಚ್ಚು. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು. ಆಮೇಲೆ ಹಲಗೆ, ಕಡತ. ಗಂಜಿಯಲ್ಲಿ ಅದ್ದಿ ಬಿರುಸು ಮಾಡಿದ ಬಟ್ಟೆಗೆ ಇದ್ದಿಲ ಪುಡಿಯನ್ನೂ ಅಂಟನ್ನೂ ಬಳಿದು, ಪುಸ್ತಕದಂತೆ ಮಡಿಚಿದರೆ ಅದೇ ಕಡತ. ಅದರ ಮೇಲೆ ಬಳಪದಲ್ಲಿ ಬರೆಯುವುದು, ಒದ್ದೆ ಬಟ್ಟೆಯಿಂದ ಒರೆಸುವುದು. ಸಣ್ಣ ಮಕ್ಕಳ ಪಾಠವನ್ನು ದೊಡ್ಡ ಹುಡುಗರು ನೋಡಿಕೊಳ್ಳುತ್ತಿದ್ದರು, ದೊಡ್ಡವರ ಪಾಠವನ್ನು ಮಠದ ಮೇಷ್ಟರಾದ ಅಯ್ಯನವರು.

ಇಲ್ಲಿ ನನ್ನ ಕಣ್ಣು ನಿಲ್ಲುವುದು ಆ ಒದ್ದೆ ಬಟ್ಟೆಯ ಮೇಲೆ. ಮರಳಿನ ಬರಹ ಅಳಿಸಿಹೋಗುತ್ತದೆ, ಕಡತದ ಬರಹವೂ ಅಳಿಸಿಹೋಗುತ್ತದೆ. ನಿನ್ನೆ ಹುಡುಗ ಏನು ಬರೆದ ಎಂದು ಇವತ್ತು ತೋರಿಸಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಕಲಿತದ್ದನ್ನು ಪರೀಕ್ಷಿಸಬೇಕೆಂದರೆ ಅಯ್ಯನವರಿಗೋ ಹಿರಿಯ ಹುಡುಗನಿಗೋ ಇದ್ದದ್ದು ಒಂದೇ ದಾರಿ: ಬಾಯಿಬಿಡಿಸಿ ಕೇಳುವುದು. ಬರಹ ಉಳಿಯದ ಕಡೆ ಕೇಳದೆ ಗತಿಯಿಲ್ಲ. ಹಿರಿಯ ಹುಡುಗನನ್ನು ಇಟ್ಟುಕೊಂಡದ್ದರಿಂದ ಪ್ರತಿ ಮಗುವಿಗೂ ದಿನಕ್ಕೊಮ್ಮೆಯಾದರೂ ಕೇಳುವವರು ಸಿಗುತ್ತಿದ್ದರು. ಈ ಏರ್ಪಾಟಿನ ಮಿತವ್ಯಯ ಇಂಗ್ಲೆಂಡಿನವರಿಗೂ ಹಿಡಿಸಿತು. ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದ್ರಾಸಿನಲ್ಲಿ ಇದನ್ನು ಕಂಡು, ಅಲ್ಲಿ ನಡೆಸಿ ನೋಡಿ, 1797ರಲ್ಲಿ ಲಂಡನ್ನಿನಲ್ಲಿ ಅದರ ಮೇಲೊಂದು ಪುಸ್ತಿಕೆ ಅಚ್ಚು ಹಾಕಿಸಿದ. ಅಲ್ಲಿ ಅದಕ್ಕೆ ಮದ್ರಾಸ್ ಪದ್ಧತಿ ಎಂದೇ ಹೆಸರು ನಿಂತಿತು.

ಕೂಲಿಮಠವನ್ನು ಸುವರ್ಣಯುಗ ಮಾಡಿ ತೋರಿಸುವುದು ನನ್ನ ಉದ್ದೇಶ ಖಂಡಿತ ಅಲ್ಲ. ಅಲ್ಲಿ ಬಡವರ ಮಕ್ಕಳಿಗೆ, ಕೆಳಜಾತಿಯವರಿಗೆ, ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿತ್ತು ಎನ್ನುವಷ್ಟು ಕಿರಿದಾಗಿತ್ತು. ಬಿಳಿಚೋಡಿನ ಎಲ್ಲ ಕೇರಿಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವಂತಾದದ್ದು ಸರ್ಕಾರಿ ಶಾಲೆಯಿಂದ. ಅದಕ್ಕಿಂತ ದೊಡ್ಡ ಸಂಗತಿ ಈ ಕಥೆಯಲ್ಲಿ ಇನ್ನೊಂದಿಲ್ಲ. ಕ್ಯಾಂಪ್‌ಬೆಲ್ ಕೂಡ ಕೂಲಿಮಠದ ಮೇಲೆ ಒಂದು ಗಂಭೀರ ಆಕ್ಷೇಪ ಎತ್ತಿದ್ದಾನೆ. ಹುಡುಗರು ಓದುವ ಪುಸ್ತಕಗಳ ಭಾಷೆ ಕಾವ್ಯದ ಭಾಷೆ, ಆಡುವ ಮಾತಿಗೆ ದೂರ. ನೂರಾರು ಪದ್ಯ ಗಿಳಿಯಂತೆ ಹೇಳುತ್ತಾರೆ, ಅರ್ಥ ತಿಳಿಯದು ಎಂದು ಅವನ ದೂರು. ಹಾಗಿದ್ದ ಮೇಲೆ ಇಂದಿನ ಇಂಗ್ಲಿಷ್ ಕಾಪಿಯೂ ಅಂದಿನ ಬಾಯಿಪಾಠವೂ ಒಂದೇ ಅಲ್ಲವೇ, ಅರ್ಥವಿಲ್ಲದ ಉರುಹೊಡೆತ ನಮ್ಮ ಹಳೆಯ ಚಾಳಿಯೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಒಂದು ವ್ಯತ್ಯಾಸವಿದೆ, ನನ್ನ ವಾದವೆಲ್ಲ ನಿಂತಿರುವುದೇ ಅದರ ಮೇಲೆ. ಆ ವರದಿಯೇ ಹೇಳುವಂತೆ ಲಿಂಗಾಯತರ ಮಕ್ಕಳು ಓದುತ್ತಿದ್ದದ್ದು ಬಸವಪುರಾಣ, ಚೆನ್ನಬಸವಪುರಾಣ, ಗಿರಿಜಾಕಲ್ಯಾಣಗಳನ್ನು. ಈ ಪುರಾಣಗಳು ಶಾಲೆಯ ಗೋಡೆಯೊಳಗೆ ಮಾತ್ರ ಇರಲಿಲ್ಲ. ಶ್ರಾವಣದಲ್ಲಿ ಮಠದ ಜಗುಲಿಯಲ್ಲಿ ಅವನ್ನು ಓದಿ ಅರ್ಥ ಹೇಳುತ್ತಿದ್ದರು. ಭಾರತ, ರಾಮಾಯಣದ ಕಥೆ ಬಯಲಾಟದ ಅಟ್ಟದ ಮೇಲೆ ರಾತ್ರಿಯಿಡೀ ನಡೆಯುತ್ತಿತ್ತು. ಹತ್ತು ವರ್ಷದ ಹುಡುಗ ಗಿಳಿಯಂತೆ ಒಪ್ಪಿಸಿದ ಪದ್ಯಕ್ಕೆ ಇಪ್ಪತ್ತರ ಹೊತ್ತಿಗೆ ಊರೇ ಅರ್ಥ ತುಂಬುತ್ತಿತ್ತು. ಮನೆಯಲ್ಲಿ ಅಕ್ಷರ ಬಾರದ ಅಜ್ಜಿಯೂ ಪದ ತಪ್ಪಿದರೆ ಹಿಡಿಯುತ್ತಿದ್ದಳು. ಇಂಗ್ಲಿಷ್ ಪಾಠದ ಬೆನ್ನಿಗೆ ಇಂಥ ಊರು ಇಲ್ಲ, ಇಂಥ ಅಜ್ಜಿ ಇಲ್ಲ. ಶಾಲೆಯ ಗಂಟೆ ಹೊಡೆದ ಮೇಲೆ ಆ ಭಾಷೆ ಬಿಳಿಚೋಡಿನ ಗಾಳಿಯಲ್ಲಿ ಎಲ್ಲಿಯೂ ಕೇಳುವುದಿಲ್ಲ. ಅದಕ್ಕೇ ಅಲ್ಲಿ ಉರು ಹೊಡೆದದ್ದು ಉರುವಾಗಿಯೇ ಉಳಿದು, ಪರೀಕ್ಷೆಯ ಮರುದಿನ ಬಿದ್ದುಹೋಗುತ್ತದೆ.

ಜಗಳೂರು ಸೀಮೆ ಸೇರಿದ್ದ ಮೈಸೂರು ಸಂಸ್ಥಾನದ ಈ ಮೂಲೆಗೆ ಸರ್ಕಾರಿ ಶಾಲೆಯ ಕಲ್ಪನೆ ಬಂದದ್ದು ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆಯಿಂದ. ಬೆಂಗಳೂರಿನಲ್ಲೇ ಹುಟ್ಟಿ, ಶಾಸನಗಳನ್ನು ಓದುವುದರಲ್ಲಿ ಜೀವ ಸವೆಸಿದ ರೈಸ್ ಮೊದಲು ವಿದ್ಯಾ ಇಲಾಖೆಯವರು. ಪ್ರತಿ ಹೋಬಳಿಗೂ ಒಂದು ಕನ್ನಡ ಶಾಲೆ ಬೇಕು ಎಂದು 1868ರಲ್ಲಿ ಅವರು ಯೋಜನೆ ಕೊಟ್ಟರು. ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟಕ್ಕಾಗಿ ಚಿತ್ರದುರ್ಗ ಜಿಲ್ಲೆಯ ಕಲ್ಲುಗಳನ್ನು ಓದಿಸಿದವರೂ ಅವರೇ. ಜಗಳೂರು ಆಗ ಆ ಜಿಲ್ಲೆಯದು, ದಾವಣಗೆರೆ ಜಿಲ್ಲೆಯಾಗಿ ಬೇರೆಯಾದದ್ದು 1997ರಲ್ಲಿ. ಹೋಬಳಿ ಶಾಲೆಯ ಭಾಷೆ ಕನ್ನಡ. ಇಂಗ್ಲಿಷ್ ಬೇಕಾದವರು ಪಟ್ಟಣದ ಆಂಗ್ಲೋ-ವರ್ನಾಕ್ಯುಲರ್ ಶಾಲೆಗೆ, ಜನರ ಬಾಯಲ್ಲಿ ಎ.ವಿ. ಸ್ಕೂಲಿಗೆ, ಹೋಗಬೇಕಿತ್ತು. ಅದರ ತುದಿಯಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್; 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆಗುವವರೆಗೆ ಸಂಸ್ಥಾನದ ಹುಡುಗರ ಹಣೆಬರಹ ಮದ್ರಾಸಿನಲ್ಲೇ ತೀರ್ಮಾನವಾಗುತ್ತಿತ್ತು. ದೂರದಲ್ಲಿ ಕೂತ ಪರೀಕ್ಷಕನಿಗೆ ಹುಡುಗನ ದನಿ ಕೇಳುವುದಿಲ್ಲ, ಅವನ ಕಾಗದ ಮಾತ್ರ ತಲುಪುತ್ತದೆ. ಇಂಗ್ಲಿಷನ್ನು ಕಾಗದದ ಮೇಲಿನ ಭಾಷೆಯನ್ನಾಗಿ ಮಾಡಿದ ಮೊದಲ ಕಾರಣ ಇದು.

ಆದರೂ ಆ ಕಾಲದ ಮನೆಗೆಲಸದಲ್ಲಿ ಒಂದು ಜೀವವಿತ್ತು: ತರ್ಜುಮೆ. ನೆಸ್‌ಫೀಲ್ಡನ ವ್ಯಾಕರಣ, ಆಮೇಲೆ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣ ಮುಂದಿಟ್ಟುಕೊಂಡು ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಒಂದೊಂದು ಪ್ಯಾರಾ ಮಾಡುವುದು. ಇದನ್ನು ಒಣ ಪದ್ಧತಿ ಎಂದು ಮುಂದಿನವರು ಹಳಿದರು. ಒಣಗಿದ್ದು ನಿಜವೇ. ಆದರೆ ತರ್ಜುಮೆಯನ್ನು ಅರ್ಥ ತಿಳಿಯದೆ ಮಾಡಲು ಬರುವುದಿಲ್ಲ. ಅಲ್ಲಿ ಕಂಬ ಕಂಬವಾಗಿ ಪದ ಇಳಿಸುವ ಉಪಾಯ ನಡೆಯುವುದಿಲ್ಲ. ಇನ್ನೂ ಮುಖ್ಯವಾಗಿ, ಹುಡುಗನ ಬಳಿ ಆಗಲೇ ಇದ್ದ ಕನ್ನಡ ಅಲ್ಲಿ ಕೆಲಸಕ್ಕೆ ಬರುತ್ತಿತ್ತು. ‘ಮುಗ್ಗರಿಸಿದ’ ಎಂಬುದಕ್ಕೂ ‘ಎಡವಿದ’ ಎಂಬುದಕ್ಕೂ ಏನು ವ್ಯತ್ಯಾಸ ಎಂದು ಅವ್ವನನ್ನು ಕೇಳಬಹುದಿತ್ತು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಹುಟ್ಟಿದ್ದು, ಅದರಿಂದ ಹೊಸಗನ್ನಡ ಕಾವ್ಯಕ್ಕೆ ಹಾದಿ ತೆರೆದದ್ದು ಈ ತರ್ಜುಮೆಯ ಅಭ್ಯಾಸ ಮನೆಮಾಡಿದ್ದ ಕಾಲದಲ್ಲೇ ಎಂಬುದನ್ನು ಮರೆಯಲಾಗದು.

ಅದೇ ಹೊತ್ತಿಗೆ ಢಾಕಾದಲ್ಲಿ ಮೈಕೆಲ್ ವೆಸ್ಟ್ ಎಂಬ ಅಧಿಕಾರಿ ಬಂಗಾಳದ ಹಳ್ಳಿ ಹುಡುಗರನ್ನು ನೋಡಿ ಒಂದು ಪ್ರಶ್ನೆ ಎತ್ತಿದ. 1926ರ ತನ್ನ ಪುಸ್ತಕದಲ್ಲಿ ಅವನು ಬಳಸಿದ ಮಾತು ‘ಸರೆಂಡರ್ ವ್ಯಾಲ್ಯೂ’. ಎಲ್‌ಐಸಿ ಪಾಲಿಸಿ ಕಟ್ಟಿ ನಡುವೆ ಬಿಟ್ಟವರಿಗೆ ಈ ಮಾತು ಚೆನ್ನಾಗಿ ಗೊತ್ತು. ಕಂತು ಪೂರ್ತಿ ಕಟ್ಟದೆ ಕೈಬಿಟ್ಟರೆ ಕೈಗೆ ಬರುವುದೆಷ್ಟು? ಹಾಗೆಯೇ ಮೂರೋ ನಾಲ್ಕೋ ವರ್ಷ ಇಂಗ್ಲಿಷ್ ಓದಿ ಶಾಲೆ ಬಿಟ್ಟ ಹುಡುಗನ ಬಳಿ ಉಳಿಯುವುದೇನು ಎಂದು ಅವನು ಕೇಳಿದ. ಮಾತಿಗಿಂತ ಓದು ಮೊದಲು ಕಲಿಸಬೇಕು ಎಂಬ ಅವನ ಉತ್ತರವನ್ನು ನಾನು ಒಪ್ಪದಿರಬಹುದು, ಆದರೆ ಪ್ರಶ್ನೆ ಬಹಳ ಮಾನವೀಯವಾದದ್ದು. ಏಕೆಂದರೆ ಅದು ಹಾದಿಯಲ್ಲಿ ಬಿಟ್ಟುಹೋಗುವವನ ಪರವಾಗಿ ಕೇಳಿದ ಪ್ರಶ್ನೆ. ಮಳೆ ಕೈಕೊಟ್ಟ ವರ್ಷ ದುಡಿಮೆ ಹುಡುಕಿಕೊಂಡು ಊರು ಬಿಡುವ ಸಂಸಾರಗಳಿರುವ ಜಗಳೂರು ಸೀಮೆಯಲ್ಲಿ, ಏಳನೆಯ ತರಗತಿಗೆ ಶಾಲೆ ಬಿಟ್ಟು ಮೆಕ್ಕೆಜೋಳದ ಹೊಲಕ್ಕೋ ದಾವಣಗೆರೆಯ ಅಂಗಡಿಗೋ ಹೋದ ಮಗುವಿಗೆ, ನಾಲ್ಕು ಗೆರೆಯ ಪುಸ್ತಕದಿಂದ ದಕ್ಕಿದ್ದೇನು? ಬಸ್ಸಿನ ಬೋರ್ಡು ಓದುವಷ್ಟು, ಔಷಧದ ಬಾಟಲಿಯ ಮೇಲಿನ ಸೂಚನೆ ತಿಳಿಯುವಷ್ಟು ಭಾಷೆ ದಕ್ಕಿತೇ? ದುಂಡಾದ ಅಕ್ಷರ ದಕ್ಕಿತು. ಅದರಾಚೆಗೆ ಬಹಳ ಕಡಿಮೆ.

ಸ್ವಾತಂತ್ರ್ಯ ಬಂದ ಮೇಲೆ ಶಾಲೆ ಹಳ್ಳಿಗೆ ಇಳಿಯಿತು. ಸರ್ಕಾರವೂ, ಈ ಭಾಗದಲ್ಲಿ ಸಿರಿಗೆರೆ ಮಠದಂಥ ಸಂಸ್ಥೆಗಳೂ ಹಳ್ಳಿಗಳಲ್ಲೇ ಹೈಸ್ಕೂಲು ತೆರೆದವು. ಇಂಗ್ಲಿಷಿಗಾಗಿ ಪಟ್ಟಣಕ್ಕೆ ಹೋಗಿ ಹಾಸ್ಟೆಲಿನಲ್ಲೋ ನೆಂಟರ ಮನೆಯಲ್ಲೋ ಇರಬೇಕಾದ ಕಷ್ಟ ತಪ್ಪಿತು. ಕನ್ನಡ ಮಾಧ್ಯಮದ ಮಕ್ಕಳಿಗೆ ಬಹುಕಾಲ ಐದನೆಯ ತರಗತಿಯಿಂದ ಇಂಗ್ಲಿಷ್ ಒಂದು ವಿಷಯ. ಅದನ್ನು ಕಲಿಸುವ ಹೊಸ ಶಾಸ್ತ್ರವೂ ಬಂತು. ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ. ಆಗಿನ ಮಂತ್ರ ‘ಸ್ಟ್ರಕ್ಚರಲ್’ ಪದ್ಧತಿ. ಕೆಲವು ನೂರು ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ, ಮೊದಲು ಕೇಳಿಸಿ, ಹೇಳಿಸಿ, ಆಮೇಲೆ ಓದಿಸಿ ಬರೆಸಬೇಕು ಎಂಬುದು ಅದರ ತಿರುಳು. ಅಂದರೆ ಕಾಗದದ ಮೇಲೆ ಅದು ಕಿವಿಯ ಪದ್ಧತಿ. ಕಿವಿಯೇ ಮೊದಲು ಎಂದ ಪದ್ಧತಿ ಹಳ್ಳಿಯ ಮನೆಗೆ ಹೋಗುವಷ್ಟರಲ್ಲಿ ಕೋಷ್ಟಕವಾಗಿತ್ತು: ಎಡ ಕಾಲಮ್ಮಿನಲ್ಲಿ ಕರ್ತೃ, ನಡುವೆ ಕ್ರಿಯಾಪದ, ಬಲಕ್ಕೆ ಕರ್ಮ, ಕೂಡಿಸಿ ಇಪ್ಪತ್ತು ವಾಕ್ಯ ಬರೆದು ತನ್ನಿ. ಹೇಳಿಸುವ ಭಾಗವನ್ನು ತರಗತಿಯಲ್ಲಿ ಮಾಡಿಸಲು ಬೇಕಾದ ಬಾಯಿಬಳಕೆ ಮೇಷ್ಟರಿಗೇ ಇರಲಿಲ್ಲ. ಅವರೂ ಇಂಥದೇ ಶಾಲೆಯಲ್ಲಿ, ತೋರಿಸುವ ಪಾಠದಲ್ಲೇ ಓದಿ ಬಂದವರು. ಜೊತೆಗೆ, ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕೆಂಬ ಹೊಸ ಉತ್ಸಾಹದಲ್ಲಿ ತರ್ಜುಮೆ ಹೊರಬಿತ್ತು. ಇಂಗ್ಲಿಷ್ ಪಾಠಕ್ಕೂ ಹಳ್ಳಿಯ ಮನೆಗೂ ಇದ್ದ ಕೊನೆಯ ಕೊಂಡಿ ಅದಾಗಿತ್ತು. ಹಳೆಯದನ್ನು ಬಿಡಿಸಿ, ಹೊಸದನ್ನು ಕೊಡಲಾಗದೆ ನಡುನೀರಿನಲ್ಲಿ ಬಿಟ್ಟ ಕಾಲ ಎಂದು ಆ ದಶಕಗಳನ್ನು ನಾನು ಕರೆಯುತ್ತೇನೆ.

ಮೇಷ್ಟರ ಕಡೆಯ ಲೆಕ್ಕವನ್ನೂ ನೋಡಬೇಕು, ಇಲ್ಲವಾದರೆ ಅವರಿಗೆ ನ್ಯಾಯ ಮಾಡಿದಂತಾಗುವುದಿಲ್ಲ. 40 ನಿಮಿಷದ ಪೀರಿಯಡ್ಡು, ತರಗತಿಯಲ್ಲಿ 40 ಮಕ್ಕಳು ಎಂದಿಟ್ಟುಕೊಳ್ಳಿ. ಹಾಜರಿ ಕೂಗುವುದನ್ನು ಬಿಟ್ಟರೂ, ಪ್ರತಿ ಮಗು ಪಾಠ ಒಪ್ಪಿಸಬೇಕೆಂದರೆ ತಲೆಗೆ ಒಂದು ನಿಮಿಷ. ಹೊಸ ಪಾಠಕ್ಕೆ ಒಂದು ನಿಮಿಷವೂ ಉಳಿಯುವುದಿಲ್ಲ. ಅದೇ 40 ಪುಸ್ತಕಗಳಿಗೆ ಸಹಿ ಮಾಡುವುದು ಹತ್ತು ನಿಮಿಷದ ಕೆಲಸ. ಮಗು ತಾನೇ ಯೋಚಿಸಿ ನಾಲ್ಕು ಸಾಲು ಬರೆದು ತಂದರೆ ಒಂದೊಂದರಲ್ಲೂ ಒಂದೊಂದು ತಪ್ಪು, ತಿದ್ದಲು ಎರಡು ಮೂರು ನಿಮಿಷ. ಹಲಗೆಯಿಂದ ಇಳಿಸಿದ ಉತ್ತರವಾದರೆ ಎಲ್ಲರದೂ ಒಂದೇ, ಕಣ್ಣಾಡಿಸಿದರೆ ಸಾಕು. ಮೇಲಿನಿಂದ ತಪಾಸಣೆಗೆ ಬಂದವರು ಕೇಳುವುದೂ ನೋಟ್‌ಬುಕ್ಕನ್ನೇ. ಮಕ್ಕಳು ಎಷ್ಟು ಮಾತಾಡಿದರು ಎಂಬುದಕ್ಕೆ ದಾಖಲೆ ಇಲ್ಲ, ಎಷ್ಟು ಬರೆದರು ಎಂಬುದಕ್ಕೆ ಇದೆ. ಇದು ನೂರೈವತ್ತು ವರ್ಷದ ಹಳೆಯ ನಡಾವಳಿ: ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಇನ್‌ಸ್ಪೆಕ್ಟರು ಪರೀಕ್ಷೆ ಮಾಡಿ, ಪಾಸಾದ ತಲೆ ಎಣಿಸಿ, ಶಾಲೆಗೆ ಅನುದಾನ ಕೊಡುತ್ತಿದ್ದರು. ಕಡತ ಹೋಗಿ ಕಾಗದ ಬಂದದ್ದರ ನಿಜವಾದ ಪರಿಣಾಮ ಇದು. ಉಳಿಯುವ ಬರಹ ಮಗುವಿನ ಕಲಿಕೆಗೆ ನೆರವಾಯಿತು, ಅದಕ್ಕಿಂತ ಹೆಚ್ಚಾಗಿ ಲೆಕ್ಕ ಒಪ್ಪಿಸುವುದಕ್ಕೆ ನೆರವಾಯಿತು. ಒಪ್ಪಿಸುವ ಕೆಲಸ ಮಗುವಿನ ಬಾಯಿಂದ ಮೇಷ್ಟರ ಫೈಲಿಗೆ ವರ್ಗವಾಯಿತು.

ಹತ್ತನೆಯ ತರಗತಿಗೆ ಬಂದರೆ ಇದು ಇನ್ನೂ ನಿಚ್ಚಳ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 100 ಅಂಕ. 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಪತ್ರ ಬರೆಯುವುದು, ಚಿತ್ರ ನೋಡಿ ವಿವರಿಸುವುದು, ಪದ್ಯವನ್ನು ನೆನಪಿನಿಂದ ಬರೆಯುವುದು ಇವೆಲ್ಲ ಪ್ರಶ್ನೆಪತ್ರಿಕೆಯಲ್ಲಿ ಗೊತ್ತಾದ ಜಾಗಗಳು. ಹಿಂದುಳಿದ ಮಕ್ಕಳನ್ನು ದಡ ಮುಟ್ಟಿಸಲು ಮೇಷ್ಟರುಗಳು ಸೇರಿ ಮಾಡಿಕೊಂಡ ‘ಪಾಸಿಂಗ್ ಪ್ಯಾಕೇಜ್’ ಎಂಬ ಹಾಳೆಗಳು ಜನವರಿ, ಫೆಬ್ರುವರಿಯಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತವೆ. ಅವನ್ನು ತಯಾರಿಸುವವರ ಕಾಳಜಿ ನಿಜವಾದದ್ದು. ಫೇಲಾದ ಹುಡುಗಿಯ ಓದು ಅಲ್ಲಿಗೇ ನಿಂತು ಮದುವೆಯ ಮಾತು ಶುರುವಾಗುವ ಊರುಗಳಲ್ಲಿ ಪಾಸಾಗುವುದು ಸಣ್ಣ ಸಂಗತಿಯಲ್ಲ. ಆದರೆ ಆ ಪ್ಯಾಕೇಜಿನಲ್ಲಿ ಇರುವುದು ಒಂದೇ ಪತ್ರ. ಅದಕ್ಕೆ ಹೆಸರು ವಿಳಾಸ ಬದಲಿಸಿದರೆ ಯಾವ ಪ್ರಶ್ನೆಗಾದರೂ ಉತ್ತರ. ಷೇಕ್ಸ್‌ಪಿಯರನ ನಾಟಕದಿಂದ ತೆಗೆದ, ದಯೆಯ ಹಿರಿಮೆ ಹೇಳುವ ಪದ್ಯವನ್ನು ಎಷ್ಟೋ ತಂಡದ ಮಕ್ಕಳು ಬಾಯಿಪಾಠ ಮಾಡಿದ್ದಾರೆ. ಅದು ರಂಗದ ಮೇಲೆ ಒಬ್ಬಳು ಹೆಂಗಸು ಒಬ್ಬನ ಜೀವ ಉಳಿಸಲು ಗಟ್ಟಿಯಾಗಿ ಆಡಿದ ಮಾತು. ಬಯಲಾಟದ ನಾಡಿನ ಮಕ್ಕಳಿಗೆ ಅದನ್ನು ಆಡಿಸಿದ್ದರೆ ಎಷ್ಟು ಬೇಗ ಒಲಿಯುತ್ತಿತ್ತು! ಅವರು ಅದನ್ನು ಸ್ಪೆಲ್ಲಿಂಗ್ ತಪ್ಪದಂತೆ ಮೌನವಾಗಿ ಬರೆದು ಕಲಿಯುತ್ತಾರೆ. ಅದೇ ಪಠ್ಯಪುಸ್ತಕದಲ್ಲಿ ವಿ. ಕೃ. ಗೋಕಾಕರ ಇಂಗ್ಲಿಷ್ ಕವಿತೆಯೂ ಇತ್ತು. ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಬೇಕೆಂದು 1981ರಲ್ಲಿ ವರದಿ ಕೊಟ್ಟ ಗೋಕಾಕರು ಹೈದರಾಬಾದಿನ ಆ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರೂ ಆಗಿದ್ದವರು. ಎರಡು ಭಾಷೆಯೂ ಒಬ್ಬನಲ್ಲಿ ಗಟ್ಟಿಯಾಗಿ ನೆಲೆಸಬಹುದು ಎಂಬುದಕ್ಕೆ ಅವರೇ ಸಾಕ್ಷಿ.

ಬೇರೆ ದಾರಿ ಯಾರಿಗೂ ಹೊಳೆಯಲಿಲ್ಲವೇ? ಹೊಳೆಯಿತು, ಅದೂ ನಮ್ಮ ಬೆಂಗಳೂರಿನಲ್ಲೇ. ಭಾಷಾಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು, ಕಡಲೂರಿನ ಕೆಲವು ಸಾಧಾರಣ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲೆಲ್ಲ ಅದಕ್ಕೆ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರು. 1987ರಲ್ಲಿ ಅದು ಪುಸ್ತಕವಾಯಿತು. ಅಲ್ಲಿ ವ್ಯಾಕರಣದ ಪಾಠವಿಲ್ಲ, ವಾಕ್ಯದ ಕೋಷ್ಟಕವಿಲ್ಲ. ರೈಲಿನ ವೇಳಾಪಟ್ಟಿಯೋ ಊರಿನ ನಕ್ಷೆಯೋ ಕೊಡುವುದು, ಇಂಥ ಹೊತ್ತಿಗೆ ಹೊರಟರೆ ಅಲ್ಲಿಗೆ ಯಾವಾಗ ಮುಟ್ಟುತ್ತೇವೆ ಎಂದು ಕೇಳುವುದು. ಮೊದಲು ಇಡೀ ತರಗತಿ ಮೇಷ್ಟರ ಜೊತೆ ಬಾಯಿಮಾತಿನಲ್ಲಿ ಒಂದನ್ನು ಬಿಡಿಸುತ್ತದೆ. ಆಮೇಲೆ ಅದೇ ಬಗೆಯ ಇನ್ನೊಂದನ್ನು ಪ್ರತಿ ಮಗು ತಾನೇ ಬಿಡಿಸುತ್ತದೆ. ಗುರುತು ಹಾಕುವುದು ಭಾಷೆಯ ತಪ್ಪಿಗಲ್ಲ, ಲೆಕ್ಕ ಸರಿಯಾಯಿತೇ ಎಂಬುದಕ್ಕೆ. ತಲೆ ಓಡಿಸುವ ಗಡಿಬಿಡಿಯಲ್ಲಿ ಮಗು ಭಾಷೆಯನ್ನು ಕೇಳಿಸಿಕೊಳ್ಳುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಮಾಡಿಸಿದ್ದು ತರಗತಿಯೊಳಗೆ, ಕೇಳಿಸಿದ್ದು ತರಗತಿಯೊಳಗೆ. ಮನೆಯಲ್ಲಿ ಇಂಗ್ಲಿಷ್ ಇಲ್ಲದಿರುವುದನ್ನು ಒಪ್ಪಿಕೊಂಡೇ ಕಟ್ಟಿದ ಪಾಠ ಅದು. ಪ್ರಯೋಗ ಮುಗಿಯಿತು, ಜಗತ್ತು ಕಲಿಯಿತು, ನಮ್ಮ ಹೋಬಳಿಗಳಿಗೆ ಅದು ತಲುಪಲಿಲ್ಲ. ಮುಂದೆ ಪಠ್ಯಪುಸ್ತಕಗಳಲ್ಲಿ ಚಟುವಟಿಕೆಗಳು ಬಂದವು; ಅವುಗಳ ಉತ್ತರ ಗೈಡಿನಲ್ಲಿ ಬಂತು.

ಈ ವಾದಕ್ಕೆ ಎದುರಾಗಿ ಮೂರು ಮಾತು ಕೇಳಿಬರುತ್ತವೆ. ಕಾಪಿ ಬರೆದು ಅಕ್ಷರ ದುಂಡಾಗುತ್ತದೆ, ಕೂತು ಓದುವ ಶಿಸ್ತು ಬರುತ್ತದೆ ಎನ್ನುವುದು ಒಂದು. ಬರುತ್ತದೆ, ಅದನ್ನು ಬೇಡವೆನ್ನಲಾರೆ; ಆದರೆ ಅಕ್ಷರ ದುಂಡಾಗಲು ಒಂದು ವರ್ಷ ಸಾಕು, ಆರು ವರ್ಷ ಬೇಡ. ಇದೇ ಪದ್ಧತಿಯಲ್ಲಿ ಓದಿ ಡಾಕ್ಟರು, ಎಂಜಿನಿಯರು, ಪ್ರೊಫೆಸರು ಆದವರಿಲ್ಲವೇ ಎನ್ನುವುದು ಎರಡನೆಯದು. ಇದ್ದಾರೆ. ಅವರ ಇಂಗ್ಲಿಷ್ ಬೆಳೆದದ್ದು ಕಾಪಿ ಪುಸ್ತಕದಿಂದಲೋ, ಮುಂದೆ ದಾವಣಗೆರೆ, ಮೈಸೂರು, ಬೆಂಗಳೂರಿನ ಕಾಲೇಜಿನಲ್ಲಿ ಅದು ದಿನವೂ ಕಿವಿಗೆ ಬಿದ್ದದ್ದರಿಂದಲೋ ಎಂದು ಅವರನ್ನೇ ಕೇಳಬೇಕು. ಗೆದ್ದವರನ್ನು ಎಣಿಸಿ ಪದ್ಧತಿಯನ್ನು ಅಳೆಯುವುದಾದರೆ, ಹಾದಿಯಲ್ಲಿ ಇಳಿದುಹೋದವರನ್ನೂ ಎಣಿಸಬೇಕು; ವೆಸ್ಟ್ ಕೇಳಿದ್ದು ಅವರ ಬಗ್ಗೆ. ಮೂರನೆಯದು ಈಗ ಬಹಳ ಬಲವಾಗಿರುವ ಮಾತು: ಇಂಗ್ಲಿಷ್ ಬೇಗ ಶುರುಮಾಡಿ, ಮಾಧ್ಯಮವನ್ನೇ ಇಂಗ್ಲಿಷ್ ಮಾಡಿ, ಎಲ್ಲ ಸರಿಹೋಗುತ್ತದೆ. 2007-08ರಿಂದ ಒಂದನೆಯ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ತಾಯ್ತಂದೆಯರ ಆಸೆಯನ್ನು ನಾನು ಪೂರ್ತಿ ಗೌರವಿಸುತ್ತೇನೆ, ಇಂಗ್ಲಿಷ್ ಬಾರದ್ದಕ್ಕೆ ಅವರು ತೆತ್ತ ಬೆಲೆ ಅವರಿಗೇ ಗೊತ್ತು. ಆದರೆ ವರ್ಷ ಹೆಚ್ಚಿಸಿದ ಮಾತ್ರಕ್ಕೆ ಕಿವಿ ಹುಟ್ಟುವುದಿಲ್ಲ. ಮನೆಗೆಲಸ ಅದೇ ತೋರಿಸುವ ಮನೆಗೆಲಸವಾದರೆ, ಮೊದಲು ಒಂದು ವಿಷಯದಲ್ಲಿ ಕಂಬ ಕಂಬವಾಗಿ ಬರೆಯುತ್ತಿದ್ದ ಮಗು ಈಗ ವಿಜ್ಞಾನ, ಸಮಾಜವನ್ನೂ ಹಾಗೆಯೇ ಬರೆಯುತ್ತದೆ. 2020ರ ಕೊರೊನಾ ಕಾಲ ಇದನ್ನು ಬಯಲುಮಾಡಿತು. ಶಾಲೆ ಮುಚ್ಚಿ ಹೋಂವರ್ಕೇ ಶಾಲೆಯಾದಾಗ, ಬರೆದ ಪುಟದ ಫೋಟೊ ವಾಟ್ಸಾಪಿಗೆ ಹಾಕುವುದೇ ಪಾಠವಾದಾಗ, ಮನೆಯಲ್ಲಿ ಓದಿದವರಿದ್ದ ಮಗು ಒಂದು ಕಡೆ ಉಳಿಯಿತು, ಇಲ್ಲದ ಮಗು ಇನ್ನೊಂದು ಕಡೆ. ಆ ಆಗಸ್ಟಿನಲ್ಲಿ ವಿದ್ಯಾಗಮ ಎಂಬ ಸರ್ಕಾರಿ ಕಾರ್ಯಕ್ರಮದ ಹೆಸರಿನಲ್ಲಿ ಮೇಷ್ಟರುಗಳು ಗುಡಿಯ ಕಟ್ಟೆ, ಮರದ ನೆರಳಿಗೆ ಬಂದು ನಾಲ್ಕಾರು ಮಕ್ಕಳನ್ನು ಸುತ್ತ ಕೂರಿಸಿಕೊಂಡರು. ಅಕ್ಟೋಬರಿನಲ್ಲಿ ನಿಲ್ಲಿಸಬೇಕಾಗಿ ಬಂದ ಆ ಏರ್ಪಾಟು ಕೊರತೆ ತುಂಬಿದ್ದೇ ಆದರೂ, ಹಲವು ತಲೆಮಾರಿನ ಮೇಲೆ ಒಬ್ಬೊಬ್ಬ ಮಗುವೂ ಪಾಠ ಒಪ್ಪಿಸಲು, ಮೇಷ್ಟರು ಕೂತು ಕೇಳಲು ಅಲ್ಲಿ ಸಾಧ್ಯವಿತ್ತು.

ಈ ಪಾಠದ ಪುಸ್ತಕಗಳಲ್ಲಿ ಇನ್ನೊಂದು ಗುರುತು ಇದೆ, ಅದನ್ನು ಚರಿತ್ರೆ ಬರೆಯುವವರು ಗಮನಿಸಿಲ್ಲ. ಇಂಗ್ಲಿಷ್ ಪದಗಳ ತಲೆಯ ಮೇಲೆ, ಪೆನ್ಸಿಲಿನಲ್ಲಿ, ಕಂಡೂ ಕಾಣದಂತೆ ಬರೆದ ಕನ್ನಡ ಅಕ್ಷರಗಳು: ‘ನೈಬರ್’, ‘ಟೆಂಪೆಸ್ಟ್’, ‘ಕ್ವಾಲಿಟಿ’. ಮೇಷ್ಟರು ಓದುವಾಗ ಮಗು ಕೇಳಿಸಿಕೊಂಡು, ಮನೆಗೆ ಹೋಗುವಷ್ಟರಲ್ಲಿ ಮರೆತುಹೋದೀತೆಂದು ಅವಸರದಲ್ಲಿ ಗುರುತು ಮಾಡಿಕೊಂಡದ್ದು. ಇದನ್ನು ಕೆಟ್ಟ ಚಾಳಿ ಎಂದು ಗದರುವುದುಂಟು, ತಪಾಸಣೆಯ ಮುಂಚೆ ರಬ್ಬರಿನಿಂದ ಅಳಿಸಿಸುವುದುಂಟು. ನಾಲ್ಕು ಗೆರೆಯೊಳಗೆ ತೋರಿಸಲೆಂದು ತುಂಬಿದ ಪುಟಗಳ ನಡುವೆ, ಆ ಮಗು ಕಿವಿಯಿಂದ ಕಲಿತದ್ದಕ್ಕೆ ಇರುವ ಒಂದೇ ದಾಖಲೆ ಅದು. ತನ್ನ ಭಾಷೆಯ ಲಿಪಿಯಲ್ಲಿ, ಯಾರೂ ಹೇಳಿಕೊಡದೆ, ಯಾರಿಗೂ ತೋರಿಸಲೆಂದಲ್ಲದೆ ಬರೆದುಕೊಂಡದ್ದು.